ಕಿರ್ಗಿಸ್ತಾನದಿಂದ ಬಂದ ಉಣ್ಣೆಯ ಕೈಪಟ್ಟಿ

ಹೆಸರು: ಭಾಗ್ಯಾ ತಂದೆ ಅಮಸಿದ್ದಪ್ಪ ಪೂಜಾರಿ. ವಯಸ್ಸು: 23 ವರ್ಷ. ವಿದ್ಯಾಭ್ಯಾಸ: ಬಿ.ಎ., ಐಚ್ಛಿಕ ಕನ್ನಡ. ಉದ್ಯೋಗ: ಜಮಖಂಡಿಯ ಒಂದು ಝೆರಾಕ್ಸ್ ಮತ್ತು ಕಂಪ್ಯೂಟರ್ ಅಂಗಡಿಯಲ್ಲಿ ಟೈಪಿಂಗ್ ಕೆಲಸ. ವಾಸ: ಬೀರೇಶ್ವರ ಗುಡಿಯ ಹತ್ತಿರ, ಸಾವಳಗಿ, ತಾಲೂಕು ಜಮಖಂಡಿ, ಜಿಲ್ಲೆ ಬಾಗಲಕೋಟೆ.

ನನ್ನ ಕಾಕಾ ಭೀಮಶಿ ಅವರು ಇಂದು ಬೆಳಿಗ್ಗೆ ಕೊಟ್ಟ ದೂರಿನ ಬಗ್ಗೆ ಠಾಣೆಯಲ್ಲಿ ನನ್ನನ್ನು ಕೇಳಿದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲಿ ಬರೆದುಕೊಡುತ್ತಿದ್ದೇನೆ. ಎದುರಿಗೆ ಜನರಿದ್ದರೆ ನನಗೆ ಮಾತು ಬೇಗ ಬರುವುದಿಲ್ಲ. ಅದನ್ನು ನೋಡಿ ಹೆಡ್ ಕಾನ್‌ಸ್ಟೆಬಲ್ ಬಸಗೊಂಡಪ್ಪ ಅವರು ಹಾಳೆ ಕೊಟ್ಟು, ನೀನೇ ಬರೆ, ಮುಗಿದ ಮೇಲೆ ಎಲ್ಲರ ಎದುರು ನಾನು ಓದುತ್ತೇನೆ ಎಂದರು.

ದೂರಿನಲ್ಲಿರುವುದು ಇಷ್ಟು: ಪ್ರೇಮಕುಮಾರ ಎಂಬವರು ಗುರುವಾರ ನನ್ನ ಕೈಯನ್ನು ಒತ್ತಾಯದಿಂದ ಹಿಡಿದು ಮದುವೆಯ ಕಂಕಣ ಕಟ್ಟಿದ್ದಾರೆ. ಪ್ರೇಮಕುಮಾರ ಅವರನ್ನು ಇಂದು ಹತ್ತು ಗಂಟೆಗೆ ಕರೆಸಿ ಒಳಗಿನ ಕೋಣೆಯ ಬೆಂಚಿನ ಮೇಲೆ ಕೂರಿಸಿದ್ದಾರೆ. ಅವರನ್ನು ಮನೆಗೆ ಕಳಿಸುವುದೋ, ಅವರ ಮೇಲೆ ಕೇಸು ಹಾಕುವುದೋ ಎಂಬುದು ನನ್ನ ಹೇಳಿಕೆಯ ಮೇಲೆ ನಿಂತಿದೆ ಎಂದು ನನಗೆ ತಿಳಿಸಿದ್ದಾರೆ.

ನಾನು ಕೆಲಸ ಮಾಡುವ ಅಂಗಡಿ ಸರಿತಾ ಅವರದು. ಪ್ರೇಮಕುಮಾರ ಸರಿತಾ ಅವರ ತಮ್ಮ. ಪಕ್ಕದ ಕೊರಿಯರ್ ಕೌಂಟರನ್ನು ಅವರು ನೋಡಿಕೊಳ್ಳುತ್ತಾರೆ. ಎರಡರ ನಡುವೆ ಪ್ಲೈವುಡ್ಡಿನ ಗೋಡೆ ಇದೆ. ಅವರು ಆ ಕಡೆ ಟೇಪು ಹರಿದರೆ ಈ ಕಡೆ ಕೇಳಿಸುತ್ತದೆ.

ಮಧ್ಯಾಹ್ನ ಗಿರಾಕಿಗಳು ಕಡಿಮೆ. ಆ ಹೊತ್ತಿನಲ್ಲಿ ನಾನು ಕಂಪ್ಯೂಟರಿನಲ್ಲಿ ಒಂದು ವೆಬ್‌ಸೈಟ್ ನೋಡುತ್ತಿದ್ದೆ. ಬೇರೆ ಬೇರೆ ದೇಶದವರು ಮನೆಯಲ್ಲಿ ತಯಾರಿಸಿದ ಆಭರಣಗಳನ್ನು ಅಲ್ಲಿ ಮಾರುತ್ತಾರೆ. ಲಿಥುವೇನಿಯಾದ ಒಬ್ಬರು ಮಾರುತ್ತಿದ್ದ ಕಿವಿಯೋಲೆಯಲ್ಲಿ, ಕಲ್ಲಿನಂತೆ ಗಟ್ಟಿಯಾದ ಮರದ ಹಳದಿ ಅಂಟಿನೊಳಗೆ ಒಂದು ಇರುವೆ ಸಿಕ್ಕಿಕೊಂಡಿತ್ತು. ಟರ್ಕಿಯ ಒಬ್ಬ ಮುದುಕ ಹಳೆಯ ಚಮಚಗಳನ್ನು ಬಾಗಿಸಿ ಉಂಗುರ ಮಾಡುತ್ತಿದ್ದ. ಒಂದು ಹುಲ್ಲಿನ ಬೀಜವನ್ನು ಗಾಜಿನ ಹನಿಯಲ್ಲಿ ಮುಚ್ಚಿ ಕೊರಳಿಗೆ ಹಾಕಿಕೊಳ್ಳುವಂತೆ ಮಾಡಿದವರೂ ಇದ್ದರು. ನಾನು ನೋಡುತ್ತಿದ್ದೆ, ಕೊಳ್ಳುತ್ತಿರಲಿಲ್ಲ.

ಜನವರಿಯಲ್ಲಿ ಒಂದು ದಿನ ಕಿರ್ಗಿಸ್ತಾನದ ಐನೂರಾ ಎಂಬ ಹೆಂಗಸಿನ ಪುಟ ಕಾಣಿಸಿತು. ಅವರು ಕಪ್ಪು ಮತ್ತು ಬಿಳಿ ಉಣ್ಣೆಯನ್ನು ಹೆಣೆದು, ನಡುವೆ ಬೆಳ್ಳಿಯ ಚಪ್ಪಟೆ ಗುಂಡಿ ಕೂರಿಸಿ, ಕೈಪಟ್ಟಿ ಮಾಡುತ್ತಾರೆ. ಫೋಟೋದಲ್ಲಿ ಅದು ಕೆಂಪು ಮಖಮಲ್ಲಿನ ಮೇಲೆ ಇತ್ತು. ನಮ್ಮದು ಕುರಿ ಸಾಕುವ ಮನೆ. ಕಾಲೇಜಿನಲ್ಲಿ ನನ್ನ ಬೆಂಚಿನವರು ಕಂಬಳಿ ವಾಸನೆ ಎಂದು ಹೇಳಿ ಸರಿದು ಕೂರುತ್ತಿದ್ದರು. ಅದೇ ಉಣ್ಣೆಯನ್ನು ಒಬ್ಬರು ಮಖಮಲ್ಲಿನ ಮೇಲಿಟ್ಟಿದ್ದರು. ನಾನು ಆ ಫೋಟೋವನ್ನು ಬಹಳ ಹೊತ್ತು ನೋಡಿದೆ.

ಕಪ್ಪು ಬಣ್ಣ ಹಾಕಿದ್ದೋ ಹೇಗೆ ಎಂದು ಇಂಗ್ಲಿಷಿನಲ್ಲಿ ಬರೆದು ಕೇಳಿದೆ. ಬಣ್ಣವಲ್ಲ, ಕುರಿಯೇ ಕಪ್ಪು ಎಂದು ಉತ್ತರ ಬಂತು. ನಿಮ್ಮಲ್ಲಿ ಕುರಿಗಳಿವೆಯೇ ಎಂದು ಅವರು ಕೇಳಿದರು. ನಮ್ಮ ಮನೆಯಲ್ಲೇ ಹಿಂಡು ಇದೆ, ಅವುಗಳ ಕಿವಿ ಜೋತುಬಿದ್ದಿರುತ್ತವೆ ಎಂದು ಬರೆದೆ. ತಮ್ಮ ಕುರಿಗಳ ಬಾಲದ ಹತ್ತಿರ ಕೊಬ್ಬಿನ ಗಂಟು ಇರುತ್ತದೆಂದು ಹೇಳಿ ಅವರು ಫೋಟೋ ಕಳಿಸಿದರು. ಆ ಕೈಪಟ್ಟಿಯನ್ನು ತರಿಸಬೇಕೆಂದು ನಿಶ್ಚಯಿಸಿದೆ. ಸರಿತಾ ಅವರು ತಮ್ಮ ಕಾರ್ಡಿನಿಂದ ಹಣ ಕಟ್ಟಿ ನನ್ನ ಸಂಬಳದಲ್ಲಿ ಹಿಡಿದುಕೊಂಡರು. ಆಗ ಅವರು, "ಮನಿ ತುಂಬ ಕುರಿ ಇಟಗೊಂಡು ಉಣ್ಣಿ ತರಸಾಕ ಹೊರದೇಶಕ್ಕ ಹೊಂಟೀಯಲ್ಲ ಭಾಗ್ಯಾ! ನಿಮ್ಮಪ್ಪಾಗ ಹೇಳಿದ್ರ ಒಂದ ಕಂಬಳೀನ ಕೊಡ್ತಿದ್ದ" ಎಂದು ನಕ್ಕರು. ಕಂಬಳಿ ಕೈಗೆ ಕಟ್ಟಾಕ ಬರೂದಿಲ್ಲಲ್ರೀ ಅಕ್ಕಾರ ಎಂದು ನಾನು ಹೇಳಿದೆ. ಗೋಡೆಯ ಆಚೆ ಪ್ರೇಮಕುಮಾರ ಅವರೂ ನಕ್ಕದ್ದು ಕೇಳಿಸಿತು.

ದಿನಾಂಕ 12-03-2015ರ ಗುರುವಾರ ಬೆಳಿಗ್ಗೆ ಸುಮಾರು ಹನ್ನೊಂದಕ್ಕೆ ಪಾರ್ಸಲ್ ಬಂತು. ಪ್ರೇಮಕುಮಾರ ಅವರು ಚುರುಮುರಿ ಒಗ್ಗರಣೆ ತಿನ್ನುವುದನ್ನು ಅರ್ಧಕ್ಕೆ ಬಿಟ್ಟು, ಕೈಯನ್ನು ಕಾಗದಕ್ಕೆ ಒರೆಸಿಕೊಂಡು, ಡಬ್ಬಿಯನ್ನು ತಂದುಕೊಟ್ಟರು. ನನಗೆ ಓದಲು ಬಾರದ ಲಿಪಿಯ ಪತ್ರಿಕೆಯಲ್ಲಿ ಅದನ್ನು ಸುತ್ತಿದ್ದರು. ಬಿಚ್ಚಿದಾಗ ನಮ್ಮ ಮನೆಯ ವಾಸನೆಯೇ ಬಂತು.

ಕೈಪಟ್ಟಿಗೆ ಕೊಕ್ಕೆ ಇರಲಿಲ್ಲ. ಎರಡು ತುದಿಗಳಲ್ಲಿ ಉಣ್ಣೆಯ ಎಳೆ ಬಿಟ್ಟಿದ್ದರು. ಅದನ್ನು ಕಟ್ಟಿಕೊಳ್ಳಬೇಕು. ಒಂದು ತುದಿಯನ್ನು ಹಲ್ಲಿನಲ್ಲಿ ಹಿಡಿದು ಕಟ್ಟಿಕೊಳ್ಳಲು ನೋಡಿದೆ, ಆಗಲಿಲ್ಲ. ಸರಿತಾ ಅವರು ಝೆರಾಕ್ಸ್ ಮಶೀನಿನ ಮುಚ್ಚಳ ತೆಗೆದು ಕಪ್ಪು ಪುಡಿ ತುಂಬುತ್ತಿದ್ದರು, ಎರಡೂ ಕೈ ಕಪ್ಪಾಗಿದ್ದವು. ಪ್ರೇಮಕುಮಾರ ಇನ್ನೂ ಅಲ್ಲೇ ನಿಂತಿದ್ದರು. ಸ್ವಲ್ಪ ಕಟ್ಟಿ ಕೊಡ್ರಿ ಎಂದು ನಾನು ಕೇಳಿದೆ. ಅವರು ಕಟ್ಟಿದರು. "ಬಿಗಿ ಆತೇನ್ರಿ?" ಎಂದರು. ಇಲ್ರಿ ಎಂದೆ. ಅವರ ಬೆರಳಿನಲ್ಲಿದ್ದ ಒಗ್ಗರಣೆಯ ಅರಿಷಿಣ ಬಿಳಿ ಎಳೆಗೆ ಹತ್ತಿತು.

ಆಗ ಅಂಗಡಿಯಲ್ಲಿ ಆಧಾರ ಕಾರ್ಡಿನ ಝೆರಾಕ್ಸಿಗಾಗಿ ನಮ್ಮ ಓಣಿಯ ತಾರವ್ವ ನಿಂತಿದ್ದರು. ಅವರು "ಯವ್ವಾ!" ಎಂದರು. ಕಾರ್ಡನ್ನು ಮಶೀನಿನ ಮೇಲೆಯೇ ಬಿಟ್ಟು ಬಸ್ ಸ್ಟ್ಯಾಂಡಿನ ಕಡೆ ಹೋದರು.

ಇಲ್ಲಿ ಒಂದು ವಿಷಯವನ್ನು ತಿಳಿಸಬೇಕು. ಕುರುಬರಲ್ಲಿ ನಮ್ಮದು ಉಣ್ಣೆ ಕಂಕಣದ ಮನೆತನ. ಮದುವೆಯಲ್ಲಿ ಕರಿ ಉಣ್ಣೆಯ ಎಳೆಗೆ ಅರಿಷಿಣ ಹಚ್ಚಿ ವರನು ವಧುವಿನ ಕೈಗೆ ಕಟ್ಟುತ್ತಾನೆ. ಎಲ್ಲ ಶಾಸ್ತ್ರ ಮುಗಿದ ಮೇಲೆ ಅವನೇ ಅದನ್ನು ಬಿಚ್ಚುತ್ತಾನೆ. ಬಿಚ್ಚಿದರೆ ಮದುವೆ ಪೂರ್ತಿಯಾಯಿತೆಂದು ಅರ್ಥ. ನಡುವೆ ಕಂಕಣಕ್ಕೆ ಕತ್ತರಿ ತಾಗಿಸುವುದಿಲ್ಲ.

ಸಂಜೆ ಬಸ್ ಇಳಿದು ಮನೆಗೆ ಹೋದಾಗ ಅಂಗಳದಲ್ಲಿ ಏಳೆಂಟು ಜನರಿದ್ದರು. ಕಾಕಾ, "ಏನ್ ಬೇ ಅದು ಕೈಯಾಗ?" ಎಂದು ಕೇಳಿದರು. ಬ್ರೇಸ್‌ಲೆಟ್, ಹೊರದೇಶದಿಂದ ತರಿಸಿದ್ದೇನೆ ಎಂದೆ. "ಉಣ್ಣಿ ಹೊರದೇಶದಿಂದ ಬರ್ತೈತೇನ? ಅರಿಷಿಣಾನೂ ಅಲ್ಲಿಂದನ ಬಂತೇನ?" ಎಂದರು. ಒಗ್ಗರಣೆಯದು ಎಂದು ಹೇಳಿದೆ. ಯಾರೂ ನಂಬಲಿಲ್ಲ. ಕಟ್ಟಿದವನು ಯಾವ ಓಣಿಯವನು ಎಂದು ಕೇಳಿದರು. ಹೇಳಿದೆ. ಬಂದವರಲ್ಲಿ ಇಬ್ಬರು ಎದ್ದು ಹೋದರು.

ಕಾಕಾ ಒಳಗಿನಿಂದ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿ ತಂದರು. ನನ್ನ ಅಜ್ಜಿ ಸತ್ಯವ್ವ ಅದನ್ನು ಕಸಿದುಕೊಂಡು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು. ಕಂಕಣ ಕತ್ತರಿಸಿದರೆ ಕಟ್ಟಿದವನ ಆಯುಷ್ಯ ಕತ್ತರಿಸಿದಂತೆ ಎಂದರು. ನಂತರ ನನ್ನ ಕೈಯನ್ನು ಹತ್ತಿರಕ್ಕೆ ಎಳೆದುಕೊಂಡು ಮುಟ್ಟಿ ನೋಡಿ, "ಎಷ್ಟ ಮೆತ್ತಗೈತಿ ನೋಡ ಬೇ. ಹುಡುಗ ಏನ್ ಕೆಲಸಾ ಮಾಡ್ತಾನ?" ಎಂದು ಕೇಳಿದರು. "ನೀ ಸುಮ್ಕಿರವಾ!" ಎಂದು ಕಾಕಾ ಕೂಗಿದರು. ನನ್ನ ಮೊಬೈಲನ್ನು ಅವರು ತೆಗೆದುಕೊಂಡರು. ಅಪ್ಪ ಕುರಿಗಳನ್ನು ಹಟ್ಟಿಯಲ್ಲಿ ಕೂಡಿಹಾಕಿ ಬಂದು, ಕೈಕಾಲು ತೊಳೆದು, ಊಟಕ್ಕೆ ಕುಳಿತರು. ಕೈಪಟ್ಟಿ ನನ್ನ ಕೈಯಲ್ಲೇ ಉಳಿಯಿತು, ಈಗಲೂ ಇದೆ.

ನನಗೆ ತುಬಚಿ ಊರಿನ ಒಂದು ಮನೆಯಲ್ಲಿ ಮದುವೆಯ ಮಾತು ನಡೆದಿದೆ. ಮಾತು ತಂದವರು ಕಾಕಾ. ಆ ಮನೆಯವರು ನಾಳೆ ಭಾನುವಾರ ನಿಶ್ಚಯಕ್ಕೆ ಬರುವವರಿದ್ದರು.

ನಿನ್ನೆ ಶುಕ್ರವಾರ ಜಮಖಂಡಿಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಸರಿತಾ ಅವರು ಅಪ್ಪನ ಫೋನಿಗೆ ಕರೆ ಮಾಡಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಕಾಕಾ ಇಬ್ಬರನ್ನು ಕರೆದುಕೊಂಡು ಕೊರಿಯರ್ ಕೌಂಟರಿಗೆ ಹೋದರು. ಪ್ರೇಮಕುಮಾರ ಅವರನ್ನು ರಸ್ತೆಗೆ ಎಳೆದರು. ಪಾರ್ಸಲ್ ಕಟ್ಟಿದ ಹಾಗೆ ಕಟ್ಟಿದೆ, ಇದು ಕಂಕಣವೆಂದು ನನಗೇನು ಗೊತ್ತು ಎಂದು ಅವರು ಹೇಳಿದರು. ಬೇಕಾದರೆ ಈಗಲೇ ಬಂದು ಬಿಚ್ಚಿ ಕೊಡುತ್ತೇನೆ ಎಂದರು.

"ನೀ ಬಿಚ್ಚಿದ್ರ ಲಗ್ನಾ ಪೂರಾ ಆಗತೈತಲೇ!" ಎಂದು ಕಾಕಾ ಹೇಳಿದರು.

"ಹಂಗಾರ ನೀವ ಕತ್ತರಸ್ರಿ."

"ಕತ್ತರಿಸಿದ್ರ ಕಟ್ಟಿದಂವ ಸಾಯ್ತಾನಂತ ನಮ್ಮವ್ವ ಅಂತಾಳ."

"ಅಂದ್ರ ನಾನ ಸಾಯೂದೇನ್ರಿ?" ಎಂದು ಪ್ರೇಮಕುಮಾರ ಕೇಳಿದರು. ಅದನ್ನು ಕೇಳಿ ಗುಂಪಿನಲ್ಲಿ ಯಾರೋ ನಕ್ಕರು. ನಕ್ಕ ಮೇಲೆಯೇ ಕಾಕಾ ಕೈ ಎತ್ತಿದ್ದು ಎಂದು ಸರಿತಾ ಹೇಳಿದರು. ಪ್ರೇಮಕುಮಾರ ಅವರ ಕೆಳತುಟಿ ಒಡೆದಿದೆ. ಇದನ್ನು ಇಂದು ನಾನೂ ನೋಡಿದ್ದೇನೆ. ಆ ಬಗ್ಗೆ ಅವರು ಈವರೆಗೆ ದೂರು ಕೊಟ್ಟಿಲ್ಲ.

ಇಂದು ಶನಿವಾರ ಒಂಬತ್ತರ ಬಸ್ಸಿಗೆ ಅಪ್ಪ ನನ್ನನ್ನು ಕರೆದುಕೊಂಡು ಹೊರಟರು. ಠಾಣೆಯ ಗೇಟಿನ ಹತ್ತಿರ, "ಒಳಗ ಹೋಗು. ನಾ ಇಲ್ಲೇ ನಿಂತಿರ್ತೇನಿ. ನಿಮ್ಮ ಕಾಕಾನ ಮಾರಿ ನೋಡಬ್ಯಾಡ, ಪೊಲೀಸರ ಮಾರಿ ನೋಡಿ ಮಾತಾಡು" ಎಂದರು.

ವರಾಂಡದಲ್ಲಿ ಸರಿತಾ ಅವರು ನನ್ನ ಪಕ್ಕ ಬಂದು, ನಾನೇ ಕಟ್ಟಿಕೊಂಡೆ ಎಂದು ಹೇಳಿಬಿಡು, ಎಲ್ಲರೂ ಮನೆಗೆ ಹೋಗೋಣ ಎಂದು ಪಿಸುಗುಟ್ಟಿದರು. ತಮ್ಮನ ಸಲುವಾಗಿ ಅವರು ಹಾಗೆ ಹೇಳಿದರು. ನಾನೂ ಒಪ್ಪಿ ಒಳಗೆ ಹೋಗಿ ಹಾಗೆಯೇ ಹೇಳಿದೆ. ಬಸಗೊಂಡಪ್ಪ ಅವರು ಕಡತಕ್ಕೆ ಕಟ್ಟುವ ಕೆಂಪು ದಾರವನ್ನು ನನ್ನ ಮುಂದಿಟ್ಟು, ಇದನ್ನೊಮ್ಮೆ ಕಟ್ಟಿಕೊಂಡು ತೋರಿಸು ಎಂದರು. ಆಗಲಿಲ್ಲ. ಆಗುವುದೋ ಇಲ್ಲವೋ ನೋಡೋಣವೆಂದು ಅವರೇ ತಮ್ಮ ಕೈಗೆ ಸುತ್ತಿ ಹಲ್ಲು ಹಚ್ಚಿದರು. ಅವರಿಗೂ ಆಗಲಿಲ್ಲ. ಮಹಿಳಾ ಪೇದೆ ಗುರುಬಾಯಿ ಅವರು ಬಂದು ಕಟ್ಟಿಕೊಟ್ಟು, "ಸರ್, ಈಗ ನಾ ನಿಮ್ಮನ್ನ ಲಗ್ನಾ ಆದಂಗಾತೇನ್ರಿ?" ಎಂದರು. ಎಲ್ಲರೂ ನಕ್ಕರು. ಕಾಕಾ ಗೋಡೆಯ ಕಡೆ ನೋಡುತ್ತಿದ್ದರು. ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡು, ಹಾಳೆ ತೆಗೆದುಕೊಂಡೆ.

ಬರೆಯಲು ಕುಳಿತ ಮೇಲೆ ಕಾಕಾ ನನ್ನ ಎದುರಿನ ಸ್ಟೂಲಿನಲ್ಲಿ ಕುಳಿತರು. ತುಬಚಿಯವರು ನಿನ್ನೆ ರಾತ್ರಿ ಫೋನ್ ಮಾಡಿದ್ದರಂತೆ. ಒತ್ತಾಯದಿಂದ ಕಟ್ಟಿದ್ದಾದರೆ ಹುಡುಗಿಯ ತಪ್ಪಿಲ್ಲ, ಪೊಲೀಸರ ಕಾಗದದಲ್ಲಿ ಹಾಗೆ ಬಂದರೆ ನಾಳೆ ಬರುತ್ತೇವೆ ಎಂದರಂತೆ. "ಒಂದ ಮಾತು ಬರಿ ಬೇ. ಅಂವಾ ನಾಕ ದಿನಾ ಒಳಗಿದ್ದ ಬರ್ತಾನ. ನಿನ್ನ ಬಾಳೆ ಉಳೀತೈತಿ" ಎಂದು ಕಾಕಾ ಹೇಳಿದರು. ನಾನು ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷವೂ ಬಸ್ ಪಾಸಿಗಾಗಿ ಸಾಲಿನಲ್ಲಿ ನಿಂತವರು ಇವರೇ. ಅದಕ್ಕಾಗಿ ಇದನ್ನೂ ಬರೆದಿದ್ದೇನೆ.

ಬರೆಯುವುದಿಲ್ಲವೆಂದು ನಾನು ತಲೆ ಅಲ್ಲಾಡಿಸಿದ್ದಕ್ಕೆ ಅವರು ಎಲ್ಲರಿಗೂ ಕೇಳುವಂತೆ ಇನ್ನೊಂದು ಮಾತು ಕೇಳಿದರು. "ಆತು, ಅವಗ ಗೊತ್ತಿರಲಿಲ್ಲ. ನಿನಗ? ಕುರುಬರ ಮನ್ಯಾಗ ಹುಟ್ಟೀದಿ. ಅಂವ ಕಟ್ಟೂಮುಂದ ಇದು ಕಂಕಣ ಅಂತ ನಿನಗ ಹೊಳೀಲಿಲ್ಲೇನ?"

ನಾನು ಬಾಯಿಂದ ಉತ್ತರ ಕೊಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ಪ್ರೇಮಕುಮಾರ ನನ್ನ ಕೈಯನ್ನು ಒತ್ತಾಯದಿಂದ ಹಿಡಿದಿಲ್ಲ. ನಾನು ಕೇಳಿದ್ದರಿಂದ ಕಟ್ಟಿದರು. ನಮ್ಮ ರೂಢಿ ಅವರಿಗೆ ಗೊತ್ತಿರಲಿಲ್ಲ. ಇದು ಮದುವೆಯಲ್ಲ. ನನ್ನನ್ನು ಯಾರೂ ಪುಸಲಾಯಿಸಿಲ್ಲ, ಎಲ್ಲಿಗೂ ಕರೆದೊಯ್ದಿಲ್ಲ. ಅವರ ಮೇಲೆ ನನ್ನ ದೂರೇನೂ ಇಲ್ಲ. ಅವರನ್ನು ಮನೆಗೆ ಕಳಿಸಬೇಕು. ನಾಳೆ ತುಬಚಿಯವರು ಬಂದರೂ ನಾನು ಅವರ ಎದುರು ಬಂದು ಕೂರುವುದಿಲ್ಲ.

ಕಾಕಾ ಕೇಳಿದ್ದಕ್ಕೆ ಉತ್ತರ: ಮೊದಲನೆಯ ಗಂಟು ಹಾಕಿದಾಗ ನನಗೆ ಹೊಳೆಯಲಿಲ್ಲ. ಎರಡನೆಯದಕ್ಕೆ ಹೊಳೆಯಿತು. ಅವರು ಮೂರನೆಯದನ್ನು ಹಾಕಿ ಮುಗಿಸುವವರೆಗೆ ನಾನು ಕೈಯನ್ನು ಹಾಗೆಯೇ ಚಾಚಿ ಹಿಡಿದಿದ್ದೆ.

ಬಸಗೊಂಡಪ್ಪ ಅವರು ಬಗ್ಗಿ ನೋಡಿ, ಈ ಕೊನೆಯ ಸಾಲುಗಳು ಕೇಸಿಗೆ ಬೇಕಾಗಿಲ್ಲ ತಂಗಿ, ಹೊಡೆದುಹಾಕು ಎಂದರು. ನಾನು ಹೊಡೆದುಹಾಕಿಲ್ಲ. ಇದನ್ನು ಓದಿ ಹೇಳುವಾಗ ಪ್ರೇಮಕುಮಾರ ಕುಳಿತಿರುವ ಒಳಗಿನ ಕೋಣೆಯ ಬಾಗಿಲನ್ನು ತೆರೆದಿಟ್ಟು, ಆ ಸಾಲುಗಳನ್ನೂ ಬಿಡದೆ ಓದಬೇಕೆಂದು ಅವರನ್ನು ಕೇಳಿಕೊಂಡಿದ್ದೇನೆ.

ಮೇಲಿನದೆಲ್ಲ ನಾನು ಕಂಡದ್ದು ಮತ್ತು ಮಾಡಿದ್ದು. ಕೇಳಿ ತಿಳಿದದ್ದನ್ನು ಕೇಳಿದ್ದೆಂದೇ ಬರೆದಿದ್ದೇನೆ. ಯಾರೂ ಹೇಳಿಕೊಟ್ಟ ಮಾತು ಇದರಲ್ಲಿಲ್ಲ.

ಸ್ಥಳ: ಜಮಖಂಡಿ
ದಿನಾಂಕ: 14-03-2015

ಸಹಿ
(ಭಾಗ್ಯಾ ಅಮಸಿದ್ದಪ್ಪ ಪೂಜಾರಿ)