ಬದರಿಯ ಬೆನ್ನ ಮೇಲಿನ ನೀರು

ಕತ್ತಲಾಗುವ ಹೊತ್ತು. ಬತ್ತಿದ ಬಾವಿಯೊಂದನ್ನು ದಾಟಿ ಇಬ್ಬರು ಇಳಿದು ಬರುತ್ತಿದ್ದರು. ಒಬ್ಬ ನನ್ನ ಚಿಕ್ಕಪ್ಪನ ಮಗ ಬದರೀನಾಥ, ಜೊತೆಗೆ ಅವನ ಹೆಂಡತಿ ರಂಜನಿ. ನಮ್ಮೂರ ಬಾವಿಯಲ್ಲ ಸ್ವಾಮಿ, ಅರಿಜೋನಾದ ನ್ಯಾಷನಲ್ ಫಾರೆಸ್ಟಿನದು! ಬೆಟ್ಟದ ಬುಡದಲ್ಲಿ ಮರುಭೂಮಿ, ಆಳೆತ್ತರ ಮೀರಿದ ಕಳ್ಳಿಗಳು. ಹತ್ತುತ್ತಾ ಹೋದರೆ ಪೈನ್ ಮರ, ತಣ್ಣನೆ ಗಾಳಿ. ಎರಡೂ ಒಂದೇ ಬೆಟ್ಟದಲ್ಲಿ! ಹೊಸ ಹೆಂಡತಿಗೆ ಇದನ್ನು ತೋರಿಸಲೆಂದೇ ತಾನಿದ್ದ ಹೋಬೋಕನ್‌ನಿಂದ ಅಷ್ಟು ದೂರ ಹಾರಿದ್ದ. (ಒಳಗಿಂದ ನನ್ನ ಹೆಂಡತಿ ಪಂಕಜಾ "ಸಾಕು ಮಾಡ್ರೀ, ರಾತ್ರಿ ಹೊತ್ತು" ಅನ್ನುತ್ತಿದ್ದಾಳೆ. ಅನ್ನಲಿ! ರಿಟೈರ್ ಆದವನಿಗೆ ಇನ್ನೇನು ಕೆಲಸ?)

ಅದರ ಹಿಂದಿನ ವರ್ಷ, ಎರಡು ಸಾವಿರದ ಇಸವಿಗೆ ಕಂಪ್ಯೂಟರೆಲ್ಲ ಕೆಡುತ್ತವೆ ಎಂಬ ವೈಟುಕೆ ಗಲಾಟೆಯ ಕಾಲ. ಆಗಲೂ ಬದರಿ ಇದೇ ಹಾದಿಗೆ ಬಂದಿದ್ದ, ರೂಮ್‌ಮೇಟ್ ಸುಬ್ಬು ಜೊತೆ. ಸುಬ್ಬುವಿನ ನೀರಿನ ಬಾಟಲಿ ಕೊರಕಲಿಗೆ ಉರುಳಿಹೋಯಿತು. ಬದರಿಯ ಬೆನ್ನ ಮೇಲೆ ನೀರಿನ ಚೀಲವಿತ್ತು. ಅದರ ಟ್ಯೂಬನ್ನು ಬಾಯಲ್ಲಿಟ್ಟು ಚೀಪಬೇಕು.

"ಸ್ವಲ್ಪ ಕೊಡೋ, ನಾಲಿಗೆ ಅಂಟ್ಕೋತಿದೆ."

"ಎಂಜಲಾಗುತ್ತಲ್ಲೋ! ಕಾರಲ್ಲಿದೆ, ನಡಿ ನಡಿ."

ಮಡಿಯ ಮನೆಯಲ್ಲಿ ಬೆಳೆದವನು, ಇನ್ನೊಬ್ಬರ ಎಂಜಲೆಂದರೆ ಮೈಯೆಲ್ಲ ಹೇಸಿಗೆ. ಸುಬ್ಬು ಆ ಬಾವಿಯ ತನಕ ನಡೆದ. ಬಿದ್ದ... ಏಳಲಿಲ್ಲ. ಬಿಸಿಲು ಹೊಡೆದು ಸತ್ತ ಎಂದಷ್ಟೇ ಬದರಿ ಎಲ್ಲರಿಗೂ ಹೇಳಿದ. ಹೆಂಡತಿಗೂ ಅಷ್ಟೇ.

ಈಗ ಅದೇ ಬಾವಿ ದಾಟಿದರಲ್ಲ... ಬದರಿಯ ಬೆನ್ನ ಹಿಂದೆ ಸದ್ದು. ಚುಯ್ಕ್... ಗುಟುಕ್. ಚುಯ್ಕ್... ಗುಟುಕ್. ಹಸಿದ ಕೂಸು ಹಾಲು ಚೀಪಿದ ಹಾಗೆ. ಬೆನ್ನ ಮೇಲಿನ ನೀರಿನ ಚೀಲ ಹಗುರಾಗುತ್ತಿದೆ.

"ರೀ..." ರಂಜನಿ ಪಿಸುಗುಟ್ಟಿದಳು. "ಟ್ಯೂಬ್ ಯಾಕೆ ಹಿಂದಕ್ಕೆ ಹೋಗಿದೆ?"

"ಗಾಳಿಗೆ."

"ಗಾಳೀನೇ ಇಲ್ವಲ್ರೀ..."

ಬದರಿ ಟ್ಯೂಬನ್ನು ಎಳೆದ. ಆ ಕಡೆಯಿಂದಲೂ ಯಾರೋ ಎಳೆದರು! ಆಮೇಲೆ ಬಿಟ್ಟರು. ತುದಿ ಒದ್ದೆ. ಬೆಚ್ಚಗಿತ್ತು. ಕಿವಿಯ ಪಕ್ಕದಲ್ಲೇ ಒಣಗಂಟಲಿನ ದನಿ...

"ಎಂಜಲು ಮಾಡಿದೀನಿ ಕಣೋ. ಈಗ ಕುಡಿ."

ಬದರಿ ಕುಡಿಯಲಿಲ್ಲ. ಹಲ್ಲು ಕಚ್ಚಿ ನಡೆದ. ದಿನವಿಡೀ ಹೀರಿದ ಬಿಸಿಲು ಮೈಯಲ್ಲಿ ಕುದಿಯುತ್ತಿತ್ತು. ರಂಜನಿಯ ಬಾಟಲಿ ಆಗಲೇ ಖಾಲಿ. ಕಾರು ಇನ್ನೂ ದೂರ. ತುಟಿ ಬಿರಿಯಿತು, ಕಣ್ಣು ಕತ್ತಲಿಟ್ಟಿತು. ಸುಬ್ಬುವಿನ ಹಾಗೆಯೇ ಮಂಡಿಯೂರಿ ಕುಸಿದ.

"ನೀರು ಬೆನ್ನ ಮೇಲೇ ಇದೆಯಲ್ರೀ! ನನ್ನನ್ನ ಈ ಕಾಡಲ್ಲಿ ಬಿಟ್ಟು ಸಾಯ್ತೀರಾ? ಕುಡೀರಿ!"

ಕಣ್ಣು ಮುಚ್ಚಿ ಟ್ಯೂಬ್ ಬಾಯಿಗಿಟ್ಟ. ಅಳುತ್ತಲೇ ಚೀಪಿದ. ಹಿಂದೆ ಯಾರೋ ನಿಧಾನವಾಗಿ ನಕ್ಕರು... ಹ್ಞ... ಹ್ಞ... ಹ್ಞ... ರಂಜನಿಗೂ ಕೇಳಿಸಿತು. ಜೀವ ಉಳಿಯಿತು ಅನ್ನಿ. ಅವತ್ತು ರಾತ್ರಿಯೇ ಹೆಂಡತಿಗೆ ಎಲ್ಲವನ್ನೂ ಹೇಳಿದ, ಆಮೇಲೆ ನನಗೂ.

ಕಟ್ಟುಕತೆ ಅಂತೀರಾ? ಹೋದ ಭಾನುವಾರ ಬದರಿ ಇಲ್ಲೇ, ಬಾಸ್ಕಿಂಗ್ ರಿಡ್ಜ್‌ನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಪಂಕಜಾ ಲೋಟದ ತುಂಬ ನೀರಿಟ್ಟಳು. ಯಾರೂ ಮುಟ್ಟಲಿಲ್ಲ, ನನ್ನಾಣೆ. ಈ ಕಣ್ಣಲ್ಲೇ ನೋಡಿದೆ... ನೀರು ಅರ್ಧಕ್ಕೆ ಇಳಿಯಿತು.

ಅಲ್ಲಿಯತನಕ ಬದರಿ ಕಾದ. ಆಮೇಲೆ ಉಳಿದದ್ದನ್ನು ಕುಡಿದ.