ಯಾರ್ಕಿಯ ಬಾಣಂತನ

ಎಂಬತ್ತಾರನೇ ಇಸವಿ, ಅಮೆರಿಕದ ನೆವಾರ್ಕ್‌ನ ನಾಯಿ ಡಾಕ್ಟರ ವೇಟಿಂಗ್ ರೂಮು. ನನ್ನೆದುರು ಕೂತಿದ್ದ ಕನ್ನಡ ದಂಪತಿಯ ಪುಟ್ಟ ಯಾರ್ಕ್‌ಶೈರ್ ಟೆರಿಯರ್ ನಾಯಿ, ಯಾರ್ಕಿ, ಹೆತ್ತ ಕೆಲವೇ ದಿನಕ್ಕೆ ಫಿಟ್ಸ್ ಬಂದು ಆಗಷ್ಟೇ ಒಳಗೆ ತೀರಿಕೊಂಡಿತ್ತು. ಹೆಂಡತಿಯ ಮಡಿಲಲ್ಲಿ ಅದರ ಒಂದೇ ಮರಿ.

“ಗಿರಣಿಗಳಲ್ಲಿ ಇಲಿ ಹಿಡೀತಿದ್ದ ಜಾತಿ, ಗಟ್ಟಿ ಜೀವ ಅಂದಿದ್ರಿ.”

“ಅದು ಹಿಂದೆ, ಊರ್ಮಿಳಾ. ಆಮೇಲೆ ಮುದ್ದಿಗೆ ಅಂತ ಚಿಕ್ಕದು ಮಾಡ್ತಾ ಬಂದ್ರು. ಹೆತ್ತು ಹಾಲೂಡಿಸೋ ಶಕ್ತಿ ಇರಲ್ಲ.”

“ಮಗಳು ಬಸುರಿ ಇದ್ದಾಗ ಕೊಟ್ಟ ಹಾಗೇ ಇವಳಿಗೂ ದಿನಾ ಕ್ಯಾಲ್ಸಿಯಂ ಮಾತ್ರೆ ಕೊಟ್ಟೆ. ಅದರಿಂದಾನಾ?”

“ಅಲ್ವಂತೆ.”

“ಬಸುರಲ್ಲಿ ಅದನ್ನ ಕೊಟ್ರೆ ಹೆತ್ತ ಮೇಲೆ ಮೈ ತಾನಾಗಿ ಕ್ಯಾಲ್ಸಿಯಂ ಒದಗಿಸಿಕೊಳ್ಳಲ್ಲ, ಕೊಡಬಾರದಿತ್ತು ಅಂತ ಡಾಕ್ಟರು ನಿಮಗೆ ಹೇಳಿದ್ದು ಕೇಳಿಸ್ತು ರೀ. ಅಷ್ಟು ಇಂಗ್ಲಿಷು ನನಗೂ ಬರುತ್ತೆ.”

ಗಂಡ ನಾಯಿಯನ್ನು ತಂದಿದ್ದ ಖಾಲಿ ಬುಟ್ಟಿ ಎತ್ತಿಕೊಂಡರು. ಬಾಗಿಲ ಬಳಿ ಆಕೆ ಮರಿಯನ್ನು ಅದರಲ್ಲಿಟ್ಟರು.

“ಇದಕ್ಕೆ ಹಾಲು ನೀವೇ ಕುಡಿಸಿ. ನನ್ನ ಕೈಯಿಂದ ಬೇಡ.”