ಹೊಸ ಕೊಳದ ಬಿಳುಪು

ಅಧ್ಯಕ್ಷತೆ ವಹಿಸಿರುವ ಮೇಯರ್ ಅವರೇ, ಮತ್ಸ್ಯಾಲಯದ ನಿರ್ದೇಶಕರೇ, ಓಖೋಟ್ಸ್ಕ್ ಕಡಲತೀರದ ಈ ಊರಿನ ಸಭಿಕರೇ,

ಮೂವತ್ತೊಂದು ವರ್ಷ ಸೀಲ್‌ಗಳಿಗೆ ಮೀನು ಹಾಕಿದ ಈ ಮುದುಕ ಕುಮೆಜಿ, ತನ್ನ ಕೆಲಸದ ಕೊನೆಯ ದಿನ ಎರಡು ಒಳ್ಳೆಯ ಮಾತಾಡಿ ಹೊಸ ಕೊಳದ ಬಾಗಿಲು ತೆಗೆಯಲಿ ಎಂದು ಕರೆದಿದ್ದೀರಿ. ಒಳ್ಳೆಯ ಮಾತು ನನಗೆ ಬರುವುದಿಲ್ಲ. ಬಾಗಿಲನ್ನೂ ಈಗ ತೆಗೆಯುವುದಿಲ್ಲ.

ಕೊಳಕ್ಕೆ ಬಿಳಿ ಬಣ್ಣ ಬಳಿಸಿದವರು ಯಾರು? ಮೇಲೆ ಒಂದಡಿ ನೆರಳೂ ಇಲ್ಲದಂತೆ ಕಟ್ಟಿಸಿದವರು ಯಾರು? ಚಪ್ಪಾಳೆ ಬೇಡ, ಉತ್ತರ ಬೇಕು.

ಬೈಯುವ ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಹಳೆಯ ಕೊಳದ ಕಪ್ಪು ಮೆಟ್ಟಿಲ ಅಂಚಿಗೆ ನಾನೇ ಕೆಂಪು ಪಟ್ಟಿ ಹೊಡೆದೆ. ದೋಣಿಯಲ್ಲಿ ಅಪಾಯದ ಜಾಗಕ್ಕೆಲ್ಲ ಕೆಂಪು ಹೊಡೆದು ಬೆಳೆದವನು ನಾನು. ಮರುದಿನವೇ ನಮ್ಮ ಮುದಿ ಸೀಲ್ ಚಿಯೊ ಅದೇ ಅಂಚಿಗೆ ಬಡಿದು ಹಲ್ಲು ಮುರಿದುಕೊಂಡಳು. ಸೀಲ್‌ಗಳ ಕಣ್ಣು ಪರೀಕ್ಷಿಸಲು ಬಂದಿದ್ದ ಓರಿಯೆ ಎಂಬ ಹುಡುಗಿ ತಲೆ ಚಚ್ಚಿಕೊಂಡಳು.

"ಅವಳಿಗೆ ಕೆಂಪು ಕಪ್ಪಾಗಿ ಕಾಣುತ್ತೆ ಅಜ್ಜ. ಕಪ್ಪು ಕಲ್ಲಿಗೆ ಕಪ್ಪು ಪಟ್ಟಿ ಬಳಿದಿದ್ದೀರಿ."

"ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?"

"ಬ್ರಷ್ ಹಿಡಿದಾಗ ನಿಮ್ಮ ಹತ್ರ ಯಾರು ಬರ್ತಾರೆ?"

ಅವಳೇ ಇನ್ನೊಂದು ದಿನ ಎರಡು ಬೂದು ಬಣ್ಣದ ಹಲಗೆ ತಂದಳು. ನನ್ನ ಕಣ್ಣಿಗೆ ಎರಡೂ ಒಂದೇ. ಚಿಯೊ ಮಾತ್ರ ತುಸು ತಿಳಿ ಬಣ್ಣದ ಹಲಗೆಗೇ ಮತ್ತೆ ಮತ್ತೆ ಮೂಗು ತಾಗಿಸಿದಳು. ಬಣ್ಣ ಅರಿಯದವಳು, ಬೆಳಕಿನ ತೂಕ ಬಲ್ಲವಳು.

ಕತ್ತಲ ನೀರಿಗಾಗಿ ಆದ ಕಣ್ಣು ಅದು. ಬಿಸಿಲಿಗೆ ಬಂದರೆ ಕಣ್ಣಪಾಪೆ ಸೂಜಿಯ ತೂತಿನಷ್ಟಾಗುತ್ತದೆ. ಇದನ್ನು ಓರಿಯೆ ನನಗೆ ಹೇಳಿಕೊಡಬೇಕಿರಲಿಲ್ಲ. ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಡಿಸಿ ಅಪ್ಪ ನನ್ನನ್ನು ಕಡಲಲ್ಲಿ ತೇಲುವ ಮಂಜುಗಡ್ಡೆಯ ಮೇಲೆ ಸೀಲ್ ಬೇಟೆಗೆ ಕರೆದೊಯ್ದ. "ಸೂರ್ಯನ್ನ ಬೆನ್ನಿಗಿಟ್ಕೊಂಡು ಹೋಗೋ, ಕತ್ತೆ. ಬೆಳಕು ಕುಕ್ಕಿದ್ರೆ ಅದಕ್ಕೆ ನೀನು ಕಾಣಲ್ಲ" ಅನ್ನುತ್ತಿದ್ದ. ಹಾಗೆ ಹೋಗಿ ಎಷ್ಟು ಕೊಂದೆ ಎಂದು ಕೇಳಬೇಡಿ. ಇದನ್ನು ಹೇಳಬೇಕೆಂದು ಇಲ್ಲಿ ನಿಂತವನಲ್ಲ.

ಇರಲಿ. ಚಿಯೊಳ ಎಡಗಣ್ಣಿಗೆ ಆಗಲೇ ಪೊರೆ ಬಂದಿದೆ. ಈ ಬಿಳಿ ಗುಂಡಿಗೆ ಬಿಟ್ಟರೆ ಬಲಗಣ್ಣೂ ಹೋಗುತ್ತದೆ. ಬಿಳಿಯೇ ಯಾಕೆ ಎಂದು ಕೇಳಿದ್ದಕ್ಕೆ, "ಫೋಟೊ ಚೆನ್ನಾಗಿ ಬರುತ್ತೆ, ಕುಮೆಜಿಯವರೇ" ಎಂದರು ನಿರ್ದೇಶಕರು. ಬರುತ್ತದೆ. ಕುರುಡು ಸೀಲ್‌ನ ಫೋಟೊ ಬಲು ಚೆನ್ನಾಗಿ ಬರುತ್ತದೆ.

ಬಂದರಿನಿಂದ ದೊಡ್ಡದೊಂದು ಕಪ್ಪು ಟಾರ್ಪಾಲು ಹೊತ್ತು ತಂದು ಆ ಕಂಬದ ಬುಡದಲ್ಲಿ ಹಾಕಿದ್ದೇನೆ. ಕೊಳದ ಮೇಲೆ ಕಟ್ಟಲು ಆರು ಜನ ಬೇಕು. ಮೇಯರ್ ಅವರೇ, ಕೋಟು ಬಿಚ್ಚಿ, ಮೊದಲ ಮೂಲೆ ನಿಮ್ಮದು. ನೆರಳು ಬಿದ್ದ ಮೇಲೆ ಬಾಗಿಲು ತೆಗೆಯುತ್ತೇನೆ.

ಕೈ ಹಚ್ಚುವವರಿಗೆ ಈಗಲೇ ಧನ್ಯವಾದ. ಕೂತೇ ಇರುವವರಿಗೆ ಬರೀ ನಮಸ್ಕಾರ.